ರೇಡಿಯೋ ಬಟನ್ನೋ, ಡ್ರಾಪ್‌ಡೌನೋ? ಫಾರ್ಮಿಗೆ ವಿಡ್ಜೆಟ್ ಆರಿಸುವ ಬಗೆ

ಸೋದರಮಾವನ ಹಾರ್ಡ್‌ವೇರ್ ಅಂಗಡಿಗೆ ಬಿಲ್ ಹಾಕುವ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಒಂದು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಕೌಂಟರಿನ ಹುಡುಗ ಫೋನ್ ಮಾಡಿದ. "ಅಣ್ಣಾ, ಮೂರು ಮೂಟೆ ಸಿಮೆಂಟ್ ಅಂತ ಹೊಡೀತೀನಿ, ಬಿಲ್ಲಲ್ಲಿ ಏಳು ಅಂತ ಬರುತ್ತೆ. ದಿನಾ ಅಲ್ಲ, ಯಾವಾಗಲೋ ಒಂದೊಂದ್ಸಲ."

ಎರಡು ಸಂಜೆ ಕೋಡ್ ಜಾಲಾಡಿದೆ. ಏನೂ ಸಿಗಲಿಲ್ಲ. ಕೊನೆಗೆ ಅಂಗಡಿಗೇ ಹೋಗಿ ಅವನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಅವನು ಸರಿಯಾಗಿ 3 ಎಂದೇ ಹಾಕಿದ. ಗಿರಾಕಿಯ ಹೆಸರು ಇನ್ನೊಮ್ಮೆ ನೋಡಬೇಕಿತ್ತು. ಅದು ಫಾರ್ಮಿನ ಮೇಲ್ಭಾಗದಲ್ಲಿತ್ತು, ಹಾಗಾಗಿ ಮೌಸಿನ ಚಕ್ರವನ್ನು ಮೇಲಕ್ಕೆ ತಿರುಗಿಸಿದ. ಮೌಸಿನ ಬಾಣ ಆಗ ಎಲ್ಲಿತ್ತು? ಪರಿಮಾಣದ ಪೆಟ್ಟಿಗೆಯ ಮೇಲೆ. ಫಾರ್ಮ್ ಕದಲಲಿಲ್ಲ. 3 ಹೋಗಿ 4 ಆಯಿತು, 5, 6, 7. ಅವನ ಕಣ್ಣು ಮೇಲಿನ ಹೆಸರಿನ ಮೇಲಿತ್ತು, ಕೆಳಗೆ ಅಂಕಿ ಏರಿದ್ದು ಕಾಣಲೇ ಇಲ್ಲ.

ಕೋಡಿನಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿದ್ದದ್ದು ನಾನು ಆರಿಸಿದ ಪೆಟ್ಟಿಗೆಯಲ್ಲಿ. ಅಂಕಿ ತಾನೆ ಅಂದುಕೊಂಡು ಸುಮ್ನೆ ಸ್ಪಿನ್‌ಬಾಕ್ಸ್ ಹಾಕಿದ್ದೆ.

ಬಟನ್, ಚೆಕ್‌ಬಾಕ್ಸ್, ಡ್ರಾಪ್‌ಡೌನ್, ಸ್ಲೈಡರ್, ಪಟ್ಟಿ ಹೀಗೆ ಪರದೆಯ ಮೇಲಿನ ಒಂದೊಂದು ತುಂಡಿಗೂ ವಿಡ್ಜೆಟ್ ಎನ್ನುತ್ತಾರೆ. ವಿಂಡೋಸ್ ಲೋಕದವರು ಕಂಟ್ರೋಲ್ ಎನ್ನುತ್ತಾರೆ. ಇವನ್ನೆಲ್ಲ ಒಟ್ಟಿಗೆ ಕೊಡುವ ಪೆಟ್ಟಿಗೆಯೇ ಟೂಲ್‌ಕಿಟ್. ನಾರ್ವೆಯಲ್ಲಿ ಹುಟ್ಟಿ 1995ರಲ್ಲಿ ಹೊರಬಂದ ಕ್ಯೂಟ್, ಗಿಂಪ್ ಎಂಬ ಚಿತ್ರದ ತಂತ್ರಾಂಶಕ್ಕಾಗಿ ಬರೆದು ಆಮೇಲೆ ಎಲ್ಲರದ್ದೂ ಆದ ಜಿಟಿಕೆ, ಪೈಥಾನ್ ಜೊತೆಗೇ ಬರುವ ಟಿಕೆ, ಜಾವಾದ ಸ್ವಿಂಗ್. ಯಾವುದನ್ನೇ ತೆರೆದರೂ ಒಳಗಿರುವ ಮುಖ್ಯ ತುಂಡುಗಳು ಹತ್ತು ಹನ್ನೆರಡೇ, ಹೆಸರು ಮಾತ್ರ ಬೇರೆ. ಹಾಗಾಗಿ ಯಾವ ಟೂಲ್‌ಕಿಟ್ ಎಂಬ ಜಗಳ ಆಮೇಲೆ ಆಡೋಣ. ಮೊದಲು ಯಾವ ಪ್ರಶ್ನೆಗೆ ಯಾವ ತುಂಡು ಅಂತ ನೋಡೋಣ.

ಅಂಕಿಗೆ: ಪಠ್ಯಪೆಟ್ಟಿಗೆ, ಸ್ಪಿನ್‌ಬಾಕ್ಸ್, ಸ್ಲೈಡರ್

ಸ್ಪಿನ್‌ಬಾಕ್ಸ್ ಅಂದರೆ ಪಕ್ಕದಲ್ಲಿ ಮೇಲೆ ಕೆಳಗೆ ಎರಡು ಬಾಣ ಇರುವ ಅಂಕಿಯ ಪೆಟ್ಟಿಗೆ. ಈಗಿರುವ ಅಂಕಿಯನ್ನು ಒಂದೆರಡು ಹೆಜ್ಜೆ ಆಚೀಚೆ ಮಾಡುವುದಿದ್ದರೆ ಅದು ಒಳ್ಳೆಯದು. ಎಷ್ಟು ಪ್ರತಿ ಮುದ್ರಿಸಬೇಕು? 1, ಬೇಕಿದ್ದರೆ 2. ಅಕ್ಷರದ ಗಾತ್ರ 12 ಇದೆ, 13 ಮಾಡಿ ನೋಡೋಣ. ಇಂಥ ಕಡೆ ಸರಿ. ಅಂಗಡಿಯವನು ಹಾಗೆ ಮಾಡುವುದಿಲ್ಲ. ಅವನಿಗೆ ಅಂಕಿ ಮೊದಲೇ ಗೊತ್ತು, ನೇರವಾಗಿ ಹೊಡೆಯುತ್ತಾನೆ. ಬಾಣ ಅವನಿಗೆ ಬೇಡವೇ ಬೇಡ.

ಕ್ಯೂಟ್ ಸ್ಪಿನ್‌ಬಾಕ್ಸಿನಲ್ಲಿ ಇನ್ನೊಂದು ತಮಾಷೆಯಿದೆ. ಗರಿಷ್ಠ ಎಷ್ಟು ಅಂತ ನೀವು ಹೇಳದಿದ್ದರೆ ಅದು 99ರ ಮೇಲೆ ಹೋಗುವುದಿಲ್ಲ. 150 ಇಟ್ಟಿಗೆ ಅಂತ ಹೊಡೆದರೆ 15ಕ್ಕೇ ನಿಂತುಬಿಡುತ್ತದೆ. ಯಾಕೆ ಅಂತ ಬಳಸುವವರಿಗೆ ಹೇಳುವುದೂ ಇಲ್ಲ.

ನಾನು ಕೊನೆಗೆ ಪರಿಮಾಣಕ್ಕೆ ಸಾದಾ ಪಠ್ಯಪೆಟ್ಟಿಗೆ ಇಟ್ಟೆ. ತಪ್ಪು ಅಕ್ಷರ ಹಾಕಿದರೆ ಕೆಂಪು ಗೆರೆ ಬರುವ ಹಾಗೆ ಮಾಡಿದೆ, ಅಷ್ಟೆ. ಅದರಿಂದ ನಾನು ಯೋಚಿಸಿಯೇ ಇರದ ಲಾಭವೂ ಆಯಿತು. ಮೊಳೆ ಕಾಲು ಕೆಜಿ ಕೇಳುವವರು ಜಾಸ್ತಿ. ಹುಡುಗ 0.25 ಅಂತ ಲೆಕ್ಕ ಹಾಕುವ ಬದಲು 1/4 ಅಂತಲೇ ಹೊಡೆಯುತ್ತಿದ್ದ. ಪಠ್ಯಪೆಟ್ಟಿಗೆಯಾದ್ದರಿಂದ ಅದನ್ನೂ ಒಪ್ಪಿಕೊಳ್ಳುವ ಹಾಗೆ ನಾಲ್ಕು ಸಾಲು ಬರೆದರೆ ಸಾಕಾಯಿತು.

ನಿಮ್ಮ ಫಾರ್ಮಿನಲ್ಲಿ ಸ್ಪಿನ್‌ಬಾಕ್ಸ್ ಬೇಕೇ ಬೇಕಿದ್ದರೆ ಚಕ್ರದ ಕಿವಿ ಮುಚ್ಚಿಸಿ. ಚಕ್ರದ ಸುದ್ದಿಯನ್ನು ಅದು ಕಡೆಗಣಿಸುವಂತೆ ಮಾಡಿದರೆ ಆ ಸುದ್ದಿ ಹಿಂದಿರುವ ಫಾರ್ಮಿಗೆ ಹೋಗುತ್ತದೆ, ಫಾರ್ಮ್ ಸರಿಯುತ್ತದೆ. ಕ್ಯೂಟ್‌ನ ಡ್ರಾಪ್‌ಡೌನಿಗೂ ಇದೇ ರೋಗ, ಅದಕ್ಕೂ ಇದೇ ಮದ್ದು.

ಸ್ಲೈಡರ್ ಅಂದಾಜಿಗೆ. ಧ್ವನಿ ಎಷ್ಟಿರಲಿ, ಪರದೆಯ ಬೆಳಕು ಎಷ್ಟಿರಲಿ ಅನ್ನುವ ಕಡೆ ಕಿವಿ, ಕಣ್ಣು ಸಾಕು ಅನ್ನುವ ತನಕ ಎಳೆಯುವುದು. ಹಣಕ್ಕೆ ಬೇಡ. 300 ಪಿಕ್ಸೆಲ್ ಅಗಲದ ಸ್ಲೈಡರಿನಲ್ಲಿ 0ಯಿಂದ 50,000 ರೂಪಾಯಿ ಇಟ್ಟರೆ ಒಂದು ಪಿಕ್ಸೆಲ್ ಸರಿದಾಗ ಸುಮಾರು 167 ರೂಪಾಯಿ ಸರಿಯುತ್ತದೆ. 20,000 ಅಂತ ನಿಖರವಾಗಿ ನಿಲ್ಲಿಸಲು ಹೋಗಿ ಬೆರಳು ನಡುಗುತ್ತದೆ.

ಮೊಬೈಲ್ ನಂಬರ್, ಪಿನ್‌ಕೋಡ್, ಆಧಾರ್ ಇವೆಲ್ಲ ಅಂಕಿಯ ವೇಷ ಹಾಕಿದ ಅಕ್ಷರಗಳು. ಎರಡು ಮೊಬೈಲ್ ನಂಬರ್ ಕೂಡಿಸಿ ಯಾರಿಗೇನಾಗಬೇಕು? ಕೂಡಿ ಕಳೆಯುವ ಅಂಕಿಯಲ್ಲದಿದ್ದರೆ ಪಠ್ಯಪೆಟ್ಟಿಗೆಗೇ ಹೋಗಲಿ. ಕ್ಯೂಟ್‌ನ ಸಾದಾ ಸ್ಪಿನ್‌ಬಾಕ್ಸ್ ಹಿಡಿದಿಡುವ ಗರಿಷ್ಠ ಸಂಖ್ಯೆ 2147483647. ನಮ್ಮ ಮೊಬೈಲ್ ನಂಬರುಗಳು ಶುರುವಾಗುವುದೇ 6, 7, 8, 9ರಿಂದ. ಅದರೊಳಗೆ ಹಿಡಿಯುವುದೇ ಇಲ್ಲ.

ಒಂದನ್ನು ಆರಿಸಲು: ರೇಡಿಯೋ ಬಟನ್, ಡ್ರಾಪ್‌ಡೌನ್, ಹುಡುಕುವ ಪೆಟ್ಟಿಗೆ

ರೇಡಿಯೋ ಬಟನ್ ಅನ್ನುವ ಹೆಸರು ಹಳೆಯ ಕಾರ್ ರೇಡಿಯೋದಿಂದ ಬಂದದ್ದು. ಒಂದು ಗುಂಡಿ ಒತ್ತಿದರೆ ಮೊದಲು ಒತ್ತಿದ್ದು ಹೊರಗೆ ಚಿಮ್ಮುತ್ತಿತ್ತು. ಕಾರ್ ರೇಡಿಯೋ ನೋಡಿರದಿದ್ದರೆ ಮನೆಯ ಟೇಬಲ್ ಫ್ಯಾನ್ ನೆನಪಿಸಿಕೊಳ್ಳಿ. 0, 1, 2, 3. 1 ಒತ್ತಿರುವಾಗ 2 ಒತ್ತಿದರೆ 1 ಮೇಲೇಳುತ್ತದೆ. ಫ್ಯಾನಿನ ಮುಂದೆ ನಿಂತರೆ ಎಷ್ಟು ವೇಗ ಇದೆ, ಯಾವುದರಲ್ಲಿದೆ ಎರಡೂ ಒಂದೇ ನೋಟಕ್ಕೆ ಗೊತ್ತಾಗುತ್ತದೆ ಅಲ್ವಾ? ರೇಡಿಯೋ ಬಟನ್‌ನ ಗುಣ ಅದೇ.

ಡ್ರಾಪ್‌ಡೌನ್ ಇದಕ್ಕೆ ಉಲ್ಟಾ. ಆಯ್ಕೆಗಳನ್ನು ಮಡಚಿ ಒಳಗಿಡುತ್ತದೆ. ಜಾಗ ಉಳಿಯುತ್ತದೆ, ಆದರೆ ತೆರೆದು ನೋಡುವ ತನಕ ಒಳಗೆ ಏನಿದೆ ಅಂತ ಗೊತ್ತಾಗುವುದಿಲ್ಲ. ಒಂದು ಕ್ಲಿಕ್ಕಿನ ಕೆಲಸಕ್ಕೆ ಎರಡು ಕ್ಲಿಕ್.

ಬಿಲ್ಲಿನ ಫಾರ್ಮಿನಲ್ಲಿ ಹಣ ಹೇಗೆ ಕೊಟ್ಟರು ಅನ್ನುವ ಪ್ರಶ್ನೆಗೆ ನಾಲ್ಕು ಉತ್ತರ: ನಗದು, ಯುಪಿಐ, ಕಾರ್ಡ್, ಉದ್ರಿ. ಮೊದಲು ಡ್ರಾಪ್‌ಡೌನ್ ಇಟ್ಟಿದ್ದೆ, ನೋಡಲು ನೀಟಾಗಿರುತ್ತದೆ ಅಂತ. ಅದರಲ್ಲಿ ನಗದು ಅಂತ ಮೊದಲೇ ಆಯ್ಕೆಯಾಗಿತ್ತು. ಹುಡುಗ ಅವಸರದಲ್ಲಿ ತೆರೆಯುತ್ತಲೇ ಇರಲಿಲ್ಲ. ಉದ್ರಿ ಬಿಲ್ಲುಗಳೆಲ್ಲ ನಗದಿನ ಲೆಕ್ಕಕ್ಕೆ ಸೇರಿ, ರಾತ್ರಿ ಗಲ್ಲಾ ಎಣಿಸುವಾಗ ಮಾವನ ಮುಖ ಕೆಂಪಾಗುತ್ತಿತ್ತು. ನಾಲ್ಕು ರೇಡಿಯೋ ಬಟನ್ ಸಾಲಾಗಿ ಇಟ್ಟು, ಯಾವುದನ್ನೂ ಮೊದಲೇ ಒತ್ತಿಡದೆ ಬಿಟ್ಟೆ. ಒತ್ತದಿದ್ದರೆ ಬಿಲ್ ಉಳಿಯುವುದಿಲ್ಲ. ಅಲ್ಲಿಗೆ ಆ ಗೋಳು ಮುಗಿಯಿತು.

ನನ್ನ ಲೆಕ್ಕದಲ್ಲಿ ಐದಾರು ಆಯ್ಕೆಯ ತನಕ ರೇಡಿಯೋ ಬಟನ್ನೇ ಸರಿ. ಜಾಗ ಇದ್ದರೆ ಏಳೂ ಆಗಬಹುದು. ಅದರ ಮೇಲೆ ಹೋದರೆ ಡ್ರಾಪ್‌ಡೌನ್. ಹದಿನೈದು ಇಪ್ಪತ್ತು ದಾಟಿದರೆ ಅದೂ ಬೇಡ, ಬರೆದು ಹುಡುಕುವ ಪೆಟ್ಟಿಗೆ ಇಡಿ. ಕಾಂಬೋಬಾಕ್ಸ್ ಅನ್ನುವುದು ಇದನ್ನೇ: ಬರೆಯಲೂ ಆಗುತ್ತದೆ, ಪಟ್ಟಿಯಿಂದ ಆರಿಸಲೂ ಆಗುತ್ತದೆ.

ಆದರೆ ಎಣಿಕೆ ಒಂದೇ ಸಾಲದು. ಆಯ್ಕೆಗಳು ಬದಲಾಗುತ್ತವೆಯೇ ಅಂತಲೂ ನೋಡಿ. ಜಿಎಸ್‌ಟಿ ದರಗಳನ್ನು ನಾನು ರೇಡಿಯೋ ಬಟನ್ ಮಾಡಿ ಫಾರ್ಮಿನಲ್ಲೇ ಕೂರಿಸಿದ್ದೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ದರ 28ರಿಂದ 18ಕ್ಕೆ ಇಳಿಯಿತು. ಫಾರ್ಮನ್ನೇ ಬಿಚ್ಚಿ ಕಟ್ಟಬೇಕಾಯಿತು. ಅಸಲಿಗೆ ಅದು ಕೌಂಟರಿನಲ್ಲಿ ಕೇಳುವ ಪ್ರಶ್ನೆಯೇ ಅಲ್ಲ. ಸಾಮಾನು ಆರಿಸಿದರೆ ದರ ತಾನಾಗಿ ಬರಬೇಕು. ಈಗ ಅಲ್ಲಿ ಬರಿ ಒಂದು ಲೇಬಲ್, ಅಂದರೆ ಓದಲು ಮಾತ್ರ ಇರುವ ಬರಹ ಇದೆ.

ಜಿಲ್ಲೆಯ ಪಟ್ಟಿ ಕನ್ನಡದಲ್ಲಿ ಫಾರ್ಮ್ ಮಾಡುವ ಎಲ್ಲರಿಗೂ ಎದುರಾಗುತ್ತದೆ. 2021ರಲ್ಲಿ ವಿಜಯನಗರ ಸೇರಿದ ಮೇಲೆ ನಮ್ಮಲ್ಲಿ 31 ಜಿಲ್ಲೆ. ಹಲವು ಕಡೆ ಇಂಗ್ಲಿಷ್ ಪಟ್ಟಿಯನ್ನು ಸಾಲು ಸಾಲಾಗಿ ಕನ್ನಡಕ್ಕೆ ತಿರುಗಿಸಿ ಹಾಗೇ ಬಿಡುತ್ತಾರೆ. ಆಗ ಬಾಗಲಕೋಟೆ ಮೊದಲು ಬರುತ್ತದೆ, ಉಡುಪಿ ಕೊನೆಯ ಹತ್ತಿರ ಹೋಗುತ್ತದೆ. ಕನ್ನಡ ಓದುವವರು ಉ ಮೇಲಿರುತ್ತದೆ ಅಂತ ಹುಡುಕಿ ಸಿಗದೆ ಒದ್ದಾಡುತ್ತಾರೆ. ಕನ್ನಡದ ಅಕ್ಷರ ಕ್ರಮದಲ್ಲಿ ಜೋಡಿಸಿದರೆ ಉಡುಪಿ, ಉತ್ತರ ಕನ್ನಡ, ಕಲಬುರಗಿ ಅಂತ ಶುರುವಾಗಿ ಹಾಸನಕ್ಕೆ ಮುಗಿಯಬೇಕು.

ಡ್ರಾಪ್‌ಡೌನಿನಲ್ಲಿ ಕೀಲಿ ಒತ್ತಿದರೆ ಆ ಅಕ್ಷರದ ಹೆಸರಿಗೆ ಜಿಗಿಯುವ ಸೌಲಭ್ಯವೂ ಇರುತ್ತದೆ. ಕನ್ನಡ ಪಟ್ಟಿಯಲ್ಲಿ ಅದು ಬಹಳ ಸಲ ಕೆಲಸಕ್ಕೆ ಬರುವುದಿಲ್ಲ. ಕೀಲಿಮಣೆ ಇಂಗ್ಲಿಷಿನಲ್ಲಿದ್ದಾಗ ಎಚ್ ಒತ್ತಿದರೆ ಹಾಸನ ಬರುತ್ತದೆಯೇ? ಇಲ್ಲ. ಅದಕ್ಕೇ ಹುಡುಕುವ ಪೆಟ್ಟಿಗೆ ಇಡಿ ಅಂದದ್ದು. ಪ್ರತಿ ಹೆಸರಿನ ಬೆನ್ನಿಗೆ ಅದರ ಇಂಗ್ಲಿಷ್ ಕಾಗುಣಿತವನ್ನೂ ಅಡಗಿಸಿಟ್ಟರೆ ಎರಡರಲ್ಲಿ ಯಾವುದನ್ನು ಹೊಡೆದರೂ ಹಾಸನ ಸಿಗುತ್ತದೆ.

ರೇಡಿಯೋ ಬಟನ್ ಗುಂಪು ಮಾಡುವ ರೀತಿ ಒಂದೊಂದು ಟೂಲ್‌ಕಿಟ್‌ನಲ್ಲಿ ಒಂದೊಂದು. ಟಿಕೆಯಲ್ಲಿ ಒಂದೇ ವೇರಿಯೇಬಲ್ ಹಂಚಿಕೊಂಡ ಬಟನ್‌ಗಳು ಒಂದು ಗುಂಪು. ಕ್ಯೂಟ್‌ನಲ್ಲಿ ಒಂದೇ ಚೌಕಟ್ಟಿನೊಳಗೆ ಇರುವವೆಲ್ಲ ತಾವಾಗಿಯೇ ಒಂದು ಗುಂಪು. ಹಾಗಾಗಿ ಹಣದ ಪ್ರಶ್ನೆಯನ್ನೂ ಡೆಲಿವರಿಯ ಪ್ರಶ್ನೆಯನ್ನೂ ಒಂದೇ ಚೌಕಟ್ಟಿನಲ್ಲಿ ಇಟ್ಟಿರೋ, ಡೆಲಿವರಿ ಒತ್ತಿದ ಕೂಡಲೇ ಉದ್ರಿ ಆರಿಹೋಗುತ್ತದೆ. ಜಿಟಿಕೆ 4ರಲ್ಲಿ ರೇಡಿಯೋ ಬಟನ್ ಅನ್ನುವ ಬೇರೆ ವಿಡ್ಜೆಟ್ಟೇ ಇಲ್ಲ. ಚೆಕ್‌ಬಾಕ್ಸುಗಳನ್ನೇ ಗುಂಪು ಮಾಡಿದರೆ ಅವು ಗುಂಡಗಾಗಿ ರೇಡಿಯೋ ಬಟನ್ ಆಗಿಬಿಡುತ್ತವೆ. ಹುಡುಕಿ ಹುಡುಕಿ ಸುಸ್ತಾಗಬೇಡಿ.

ಹೌದು-ಇಲ್ಲ ಪ್ರಶ್ನೆಗೆ: ಚೆಕ್‌ಬಾಕ್ಸ್, ಸ್ವಿಚ್

ಎರಡೂ ಒಂದೇ ಕೆಲಸ ಮಾಡುವಂತೆ ಕಾಣುತ್ತವೆ. ಒಂದೇ ಅಲ್ಲ. ಗೋಡೆಯ ಸ್ವಿಚ್ ಹಾಕಿದರೆ ಲೈಟ್ ಆಗಲೇ ಉರಿಯುತ್ತದೆ. "ಸರಿ, ಈಗ ಉಳಿಸು" ಅಂತ ಇನ್ನೊಂದು ಗುಂಡಿ ಒತ್ತುವುದಿಲ್ಲ. ಪರದೆಯ ಸ್ವಿಚ್ಚೂ ಹಾಗೇ ಇರಬೇಕು, ಸರಿಸಿದ ತಕ್ಷಣ ಕೆಲಸ ಆಗಬೇಕು. ವೈಫೈ, ಡಾರ್ಕ್ ಮೋಡ್, ಬೀಪ್ ಸದ್ದು ಇಂಥವಕ್ಕೆ ಅದು. ಕೆಳಗೆ ಉಳಿಸುವ ಬಟನ್ ಇರುವ ಫಾರ್ಮಿನಲ್ಲಿ ಚೆಕ್‌ಬಾಕ್ಸ್ ಹಾಕಿ. ಅರ್ಜಿಯ ಮೇಲೆ ಪೆನ್ನಿನಲ್ಲಿ ರೈಟ್ ಗುರುತು ಹಾಕಿದ ಹಾಗೆ, ಅರ್ಜಿ ಕೊಟ್ಟ ಮೇಲೇ ಅದಕ್ಕೆ ಬೆಲೆ.

ಮೊಬೈಲ್ ನೋಡಿ ನೋಡಿ ಈಗ ಎಲ್ಲ ಕಡೆ ಸ್ವಿಚ್ ಹಾಕುವ ಚಾಳಿ ಬಂದಿದೆ. ನನಗೆ ಹಿಡಿಸುವುದಿಲ್ಲ. ಕ್ಯೂಟ್‌ನ ಹಳೆಯ ವಿಡ್ಜೆಟ್ ಬಳಗದಲ್ಲಿ ಸ್ವಿಚ್ ಇಲ್ಲವೇ ಇಲ್ಲ, ಹೊಸ ಕ್ಯೂಟ್ ಕ್ವಿಕ್‌ನಲ್ಲಿದೆ. ಜಿಟಿಕೆಯಲ್ಲಿ 3.0ರಿಂದ ಇದೆ. ಇಲ್ಲದ ಕಡೆ ಕೈಯಾರೆ ಬಣ್ಣ ಬಳಿದು ಸ್ವಿಚ್ ಮಾಡಿಕೊಳ್ಳುವವರು ಒಂದು ಮಾತು ನೆನಪಿಡಬೇಕು. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರಿಗೆ ಟೂಲ್‌ಕಿಟ್‌ನ ಸ್ವಂತ ಚೆಕ್‌ಬಾಕ್ಸ್ ತಾನು ಯಾರು, ಒತ್ತಿದೆಯೋ ಇಲ್ಲವೋ ಅಂತ ಹೇಳಿಕೊಳ್ಳುತ್ತದೆ. ನೀವು ಬಿಡಿಸಿದ ಚಿತ್ರ ನೀವು ಹೇಳಿಕೊಡದಿದ್ದರೆ ಏನನ್ನೂ ಹೇಳುವುದಿಲ್ಲ.

ಪಕ್ಕದ ಬರಹವೂ ಮುಖ್ಯ. "ರಸೀದಿ ಮುದ್ರಿಸಬೇಡಿ" ಅಂತ ಬರೆದು ಚೆಕ್‌ಬಾಕ್ಸ್ ಇಟ್ಟರೆ, ಗುರುತು ಹಾಕದಿದ್ದರೆ ಮುದ್ರಿಸಬೇಡಿ ಅಲ್ಲ, ಅಂದರೆ ಮುದ್ರಿಸಿ ಅಂತ ತಲೆಯಲ್ಲೇ ಲೆಕ್ಕ ಹಾಕಬೇಕು. "ರಸೀದಿ ಮುದ್ರಿಸಿ" ಅಂತ ಬರೆದು ಬಿಟ್ಟರೆ ಆಯಿತು.

ಖಚಿತ ಮಾಡಿಕೊಳ್ಳುವ ಬಟನ್‌ಗಳು

"ಆರ್ಡರ್ ರದ್ದುಮಾಡಬೇಕೆ?" ಅಂತ ಕೇಳುವ ಕಿಟಕಿ. ಕೆಳಗೆ ಎರಡು ಬಟನ್: "ಸರಿ" ಮತ್ತು "ರದ್ದುಮಾಡಿ". ಈಗ ಹೇಳಿ, ಆರ್ಡರ್ ಹೋಗಬೇಕಿದ್ದರೆ ಯಾವುದನ್ನು ಒತ್ತುತ್ತೀರಿ? ಟೂಲ್‌ಕಿಟ್ ಕೊಡುವ ಸಿದ್ಧ ಬಟನ್‌ಗಳನ್ನು ಕಣ್ಣು ಮುಚ್ಚಿ ಕನ್ನಡಕ್ಕೆ ತಿರುಗಿಸಿದರೆ ಹೀಗಾಗುತ್ತದೆ. "ಆರ್ಡರ್ ತೆಗೆದುಹಾಕಿ", "ಇರಲಿ ಬಿಡಿ" ಅಂತ ಬರೆಯಿರಿ. ಪ್ರಶ್ನೆ ಓದದೆ ಬಟನ್ ಮಾತ್ರ ಓದಿದವರಿಗೂ ಗೊತ್ತಾಗಬೇಕು.

ಯಾವುದು ಎಡಕ್ಕೆ, ಯಾವುದು ಬಲಕ್ಕೆ ಅನ್ನುವುದನ್ನು ನೀವು ತೀರ್ಮಾನಿಸಲು ಹೋಗಬೇಡಿ. ವಿಂಡೋಸ್‌ನಲ್ಲಿ ಸರಿ ಮೊದಲು, ಬೇಡ ಆಮೇಲೆ. ಮ್ಯಾಕ್‌ನಲ್ಲೂ ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್‌ನಲ್ಲೂ ಒಪ್ಪಿಗೆಯ ಬಟನ್ ಬಲತುದಿಗೆ. ಕ್ಯೂಟ್‌ನಲ್ಲಿ ಡೈಲಾಗ್ ಬಟನ್ ಬಾಕ್ಸ್ ಅನ್ನುವ ವಿಡ್ಜೆಟ್ ಇದೆ. ಬಟನ್‌ಗಳನ್ನು ಅದರ ಕೈಗೆ ಕೊಟ್ಟರೆ ಆಯಾ ಕಂಪ್ಯೂಟರಿನ ರೂಢಿಗೆ ತಕ್ಕಂತೆ ಅದೇ ಜೋಡಿಸುತ್ತದೆ.

ತಾರೀಖು ಮತ್ತು ಪಟ್ಟಿ, ಚುಟುಕಾಗಿ

ಮುಂದಿನ ವಾರದ ಡೆಲಿವರಿಗೆ ಕ್ಯಾಲೆಂಡರ್ ಚೆಂದ. ವಾರ ಯಾವುದು ಅಂತಲೂ ಕಾಣುತ್ತದೆ. ಹುಟ್ಟಿದ ತಾರೀಖಿಗೆ ಕ್ಯಾಲೆಂಡರ್ ಇಟ್ಟರೆ 1962ಕ್ಕೆ ಹೋಗಲು ತಿಂಗಳು ತಿಂಗಳಾಗಿ ಹಿಂದೆ ಹೋಗಬೇಕು. ಅದನ್ನು ಬರೆಯಲು ಬಿಡಿ. ಟಿಕೆಯಲ್ಲಿ ಕ್ಯಾಲೆಂಡರ್ ವಿಡ್ಜೆಟ್ ಒಳಗೇ ಬರುವುದಿಲ್ಲ, ಬೇರೆ ಪ್ಯಾಕೇಜ್ ಹಾಕಿಕೊಳ್ಳಬೇಕು.

ಪಟ್ಟಿಗೆ ಎರಡು ದಾರಿ. ಪ್ರತಿ ಸಾಲನ್ನೂ ವಿಡ್ಜೆಟ್ಟಿನೊಳಗೇ ತುಂಬುವುದು ಒಂದು. ಡೇಟಾ ಬೇರೆ ಇಟ್ಟು, ಪರದೆಯಲ್ಲಿ ಕಾಣುವಷ್ಟನ್ನು ಮಾತ್ರ ಕೇಳಿ ತೋರಿಸುವುದು ಇನ್ನೊಂದು. ಕ್ಯೂಟ್‌ನಲ್ಲಿ ಟೇಬಲ್ ವಿಡ್ಜೆಟ್ ಮೊದಲನೆಯದು, ಟೇಬಲ್ ವ್ಯೂ ಎರಡನೆಯದು. ಒಂದು ಬಿಲ್ಲಿನ ಹತ್ತು ಸಾಲಿಗೆ ಮೊದಲನೆಯದೇ ಸಾಕು. ವರ್ಷದ ಬಿಲ್ಲುಗಳನ್ನೆಲ್ಲ ತೋರಿಸುವುದಾದರೆ ಮೊದಲ ದಿನವೇ ಎರಡನೆಯದಕ್ಕೆ ಹೋಗಿ. ಆಮೇಲೆ ಬದಲಿಸುವುದು ರೇಜಿಗೆ.

ಕನ್ನಡ ಕೂರುತ್ತದೆಯೇ?

ಈಗ ಟೂಲ್‌ಕಿಟ್ ಜಗಳಕ್ಕೆ ಬರೋಣ. ಇಂಗ್ಲಿಷಿನಲ್ಲಿ ಫಾರ್ಮ್ ಮಾಡುವವರಿಗೆ ಇದರಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಕ್ಕಿಲ್ಲ. ನಮಗೆ ಕಾಣುತ್ತದೆ. ಬಿಲ್ಲಿನ ಪ್ರೋಗ್ರಾಮನ್ನು ನಾನು ಮೊದಲು ಬರೆದದ್ದು ಟಿಕೆಯಲ್ಲಿ. ಕಲಿಯಲು ಸುಲಭ, ಪೈಥಾನ್ ಜೊತೆಗೇ ಬರುತ್ತದೆ. ಲಿನಕ್ಸ್‌ನಲ್ಲಿ ತೆರೆದು ನೋಡಿದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಬಿದ್ದಿದ್ದವು. ಕಾರಣ, ಅಲ್ಲಿ ಟಿಕೆ 8.6 ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟುಕೊಂಡು ಹೋಗುತ್ತದೆ. ವ್ಯಂಜನ, ಹಲಂತ, ವ್ಯಂಜನ ಸೇರಿ ಒತ್ತಕ್ಷರವಾಗಬೇಕು ಅನ್ನುವ ಕೆಲಸವನ್ನು ಮಾಡುವುದಿಲ್ಲ. ಆ ಕೆಲಸ ಮಾಡುವ ಹಾರ್ಫ್‌ಬಜ್ ಎಂಬ ಲೈಬ್ರರಿ ಕ್ಯೂಟ್‌ನಲ್ಲಿದೆ, ಜಿಟಿಕೆಯಲ್ಲಿ ಪ್ಯಾಂಗೋ ಎಂಬ ಇನ್ನೊಂದು ಲೈಬ್ರರಿಯ ಮೂಲಕ ಬರುತ್ತದೆ, ಜಾವಾ 9ರಿಂದ ಸ್ವಿಂಗ್‌ಗೂ ಸಿಕ್ಕಿದೆ. ನಾನು ಕ್ಯೂಟ್‌ಗೆ ಹೋದದ್ದು ಇದೊಂದೇ ಕಾರಣಕ್ಕೆ. ಚೆಂದಕ್ಕಾಗಿ ಅಲ್ಲ.

ಕ್ಯೂಟ್‌ಗೆ ಹೋದ ಮೇಲೂ ತಪ್ಪು ಮಾಡಿದೆ. ಲೇಬಲ್‌ನ ಎತ್ತರವನ್ನು ಪಿಕ್ಸೆಲ್ ಲೆಕ್ಕದಲ್ಲಿ ಕಟ್ಟಿಹಾಕಿದ್ದೆ. ಇಂಗ್ಲಿಷ್ ಅಕ್ಷರಕ್ಕೆ ಸಾಕಾದ ಎತ್ತರ ಕನ್ನಡಕ್ಕೆ ಸಾಲದು, ನಮ್ಮ ಒತ್ತುಗಳು ಗೆರೆಯ ಕೆಳಗೆ ಇಳಿಯುತ್ತವೆ. "ಒಟ್ಟು ಮೊತ್ತ" ಅಂತ ಬರೆದದ್ದರಲ್ಲಿ ಎರಡೂ ಒತ್ತು ಕತ್ತರಿಸಿಹೋಗಿ "ಒಟು ಮೊತ" ಆಗಿತ್ತು. ಅಳತೆಯನ್ನು ವಿಡ್ಜೆಟ್‌ಗಳನ್ನು ಜೋಡಿಸುವ ಲೇಔಟ್‌ಗೆ ಬಿಟ್ಟುಕೊಟ್ಟರೆ ಅದು ಬೇಕಾದಷ್ಟು ಜಾಗ ತಾನೇ ತೆಗೆದುಕೊಳ್ಳುತ್ತದೆ. ಅಗಲಕ್ಕೂ ಇದೇ ಮಾತು.

ಪಠ್ಯಪೆಟ್ಟಿಗೆಗೆ ಇಷ್ಟೇ ಅಕ್ಷರ ಅಂತ ಮಿತಿ ಹಾಕುವಾಗಲೂ ಎಚ್ಚರ. ಕೃಷ್ಣಮೂರ್ತಿ ನಮ್ಮ ಕಣ್ಣಿಗೆ 4 ಅಕ್ಷರ. ವ್ಯಂಜನ, ಹಲಂತ, ಸ್ವರಚಿಹ್ನೆ ಎಲ್ಲವನ್ನೂ ಬೇರೆ ಬೇರೆ ಎಣಿಸುವ ಯೂನಿಕೋಡ್ ಲೆಕ್ಕದಲ್ಲಿ 11. ಇಂಗ್ಲಿಷ್ ಹೆಸರಿಗೆ ಅಂತ 20ರ ಮಿತಿ ಹಾಕಿದ ಪೆಟ್ಟಿಗೆಯಲ್ಲಿ ಕೃಷ್ಣಮೂರ್ತಿಯವರ ಪಕ್ಕ ಅವರ ಅಪ್ಪನ ಹೆಸರಿಗೆ ಜಾಗ ಸಿಗುವುದು ಕಷ್ಟ.

ಅದಕ್ಕೇ ಈಗ ಯಾವ ಟೂಲ್‌ಕಿಟ್ ಕೈಗೆ ಬಂದರೂ ಮೊದಲ ಹತ್ತು ನಿಮಿಷ ಒಂದೇ ಕೆಲಸ ಮಾಡುತ್ತೇನೆ. ಖಾಲಿ ಕಿಟಕಿ. ಒಂದು ಲೇಬಲ್, ಒಂದು ಪಠ್ಯಪೆಟ್ಟಿಗೆ, ಒಂದು ಡ್ರಾಪ್‌ಡೌನ್, ಒಂದು ಬಟನ್. ನಾಲ್ಕರಲ್ಲೂ "ಸ್ತ್ರೀ, ರಾಷ್ಟ್ರ, ಕೃಷ್ಣಮೂರ್ತಿ, ಒಟ್ಟು ಮೊತ್ತ" ಅಂತ ಬರೆಯುತ್ತೇನೆ. ಒತ್ತು ಸೇರಿದೆಯೇ, ಕೆಳಗೆ ಕತ್ತರಿಸಿದೆಯೇ ನೋಡುತ್ತೇನೆ. ಪೆಟ್ಟಿಗೆಯೊಳಗೆ ಹೋಗಿ ಬ್ಯಾಕ್‌ಸ್ಪೇಸ್ ಒತ್ತಿ ಸ್ತ್ರೀ ಹೇಗೆ ಕರಗುತ್ತದೆ ನೋಡುತ್ತೇನೆ. ಆಮೇಲೆ ಡ್ರಾಪ್‌ಡೌನ್ ಮೇಲೆ ಬಾಣ ಇಟ್ಟು ಮೌಸಿನ ಚಕ್ರ ಒಮ್ಮೆ ತಿರುಗಿಸುತ್ತೇನೆ.